ನರ್ಸಮ್ಮನ ಇಟಲಿ ಮುದುಕ

ಸೂಜಿ ಚುಚ್ಚುವ ಮೊದಲು ಹೇಳುತ್ತಿದ್ದ ಮಾತನ್ನೇ ನಾಗರತ್ನಮ್ಮ ಎಲ್ಲದಕ್ಕೂ ಹೇಳುತ್ತಿದ್ದರು: "ಮೊದ್ಲು ಚುರುಕ್ ಅಂತದೆ ಕಣವ್ವ, ಆಮ್ಯಾಕೆ ಸರಿಹೋಯ್ತದೆ." ಹೊಸ ಚಪ್ಪಲಿಗೂ ಅದೇ, ಹೊಸ ಸೊಸೆಗೂ ಅದೇ. ತೊಂಬತ್ತರ ದಶಕದಲ್ಲಿ ನಾನು ಹಾರನಹಳ್ಳಿಯ ಶಾಲೆಗೆ ಟೀಚರಾಗಿ ಬಂದಾಗ ಬಾಡಿಗೆಗಿದ್ದದ್ದು ಅವರ ಮನೆಯ ಮುಂದಿನ ಕೋಣೆಯಲ್ಲಿ.

ಅವರು ಮೈಸೂರಿನ ಮಿಶನ್ ಆಸ್ಪತ್ರೆಯೊಂದರಲ್ಲಿ ನರ್ಸಾಗಿದ್ದು, ನಿವೃತ್ತರಾಗಿ ಊರಿಗೆ ಮರಳಿದ್ದರು. ಅಲ್ಲಿದ್ದ ಇಟಲಿಯ ಡಾಕ್ಟರ್ ಸಿಸ್ಟರ್ ಒಬ್ಬರು ಸ್ವದೇಶಕ್ಕೆ ಹೊರಟಾಗ ತಮ್ಮ ಟೇಪ್‌ರೆಕಾರ್ಡರನ್ನೂ ಒಂದಷ್ಟು ಕ್ಯಾಸೆಟ್ಟುಗಳನ್ನೂ ಇವರ ಕೈಗಿತ್ತಿದ್ದರಂತೆ. ಅವುಗಳಲ್ಲಿದ್ದದ್ದು ಒಂದು ಹಳೆಯ ಆಪೆರಾ. ಮಾತೆಲ್ಲ ಹಾಡಿನಲ್ಲೇ ನಡೆಯುವ ನಗೆನಾಟಕ. ಕತೆಯನ್ನು ಸಿಸ್ಟರ್ ಬಿಡಿಸಿ ಬಿಡಿಸಿ ಹೇಳಿದ್ದರು. ಅದನ್ನು ಊರವರಿಗೆ ಕೇಳಿಸದೆ ನಾಗರತ್ನಮ್ಮನಿಗೆ ಸಮಾಧಾನವಿಲ್ಲ.

ಅವರ ಹೊಲದಲ್ಲಿ ಸೊಪ್ಪು ಒಣಗಿಸುವ ಬ್ಯಾರನ್ ಮನೆಯ ಮುಂದೆ, ಚಪ್ಪರದಡಿ ಹೆಂಗಸರು ಹಸಿ ಹೊಗೆಸೊಪ್ಪನ್ನು ಕಡ್ಡಿಗೆ ಕಟ್ಟುತ್ತ ಕೂತಿದ್ದಾಗ ಒಂದು ಮಧ್ಯಾಹ್ನ ಕ್ಯಾಸೆಟ್ ಹಾಕಿದರು. ನಾಯಕಿಯ ದನಿ ಮೇಲೇರಿದ್ದೇ ತಡ, ಚಿಕ್ಕತಾಯಮ್ಮ ಎಂಬಾಕೆ ಕಿವಿ ಮುಚ್ಚಿಕೊಂಡಳು. "ಯಾರವ್ವ ಇವ್ಳು, ಚೇಳು ಕಡಿಸ್ಕಂಡೋಳಂಗೆ ಕಿರುಚ್ತಾಳೆ?" ಎಲ್ಲರೂ ಬಿದ್ದುಬಿದ್ದು ನಕ್ಕರು. ನಾಗರತ್ನಮ್ಮ ಮುಖ ಸಣ್ಣದು ಮಾಡಿಕೊಂಡು ಟೇಪ್ ನಿಲ್ಲಿಸಿದರು.

ಮಾರನೆಯ ದಿನ ಮತ್ತೆ ಬಂದರು. ಈ ಸಲ ಮೊದಲು ಕತೆ. "ಈ ದಪ್ಪ ಗಂಟ್ಲೋನು ಐನಾತಿ ಮುದ್ಕ. ದುಡ್ಡದೆ, ಹಲ್ಲಿಲ್ಲ. ಸಾಕಿದ ಹುಡ್ಗೀನೇ ಕಟ್ಕತೀನಿ ಅಂತ ಕುಂತವ್ನೆ. ಈ ಸಣ್ಣ ದನಿ ಆ ಹುಡ್ಗೀದು. ಅಳ್ತಾವ್ಳೆ ಅನ್ಕಬ್ಯಾಡಿ, ಉಗೀತಾವ್ಳೆ!" ಟೇಪ್ ಒತ್ತಿದರು. ಮುದುಕ ಗೊಣಗಿದಾಗ ಒಬ್ಬಳು ಕಿಸಕ್ಕೆಂದಳು. ಇಬ್ಬರ ದನಿಯೂ ಒಂದರ ಮೇಲೊಂದು ಬಿದ್ದು ಜಗಳವಾದಾಗ ಚಪ್ಪರವೇ ನಕ್ಕಿತು. ವಾರ ಕಳೆಯುವಷ್ಟರಲ್ಲಿ ಹೆಂಗಸರೇ "ನರ್ಸಮ್ಮಾ, ಆ ಮುದ್ಕನ್ನ ಹಾಕಿ" ಎನ್ನತೊಡಗಿದರು.

ಚಿಕ್ಕತಾಯಮ್ಮನ ಮಗಳು ಜಯಂತಿಗೆ ಆಗ ಮದುವೆ ಗೊತ್ತಾಗಿತ್ತು. ವರ ಕೆ.ಆರ್. ನಗರದ ಕಡೆಯ ಅನುಕೂಲಸ್ಥ; ಹೆಂಡತಿ ಸತ್ತವನು, ವಯಸ್ಸಿನಲ್ಲಿ ಚಿಕ್ಕತಾಯಮ್ಮನಿಗಿಂತಲೂ ದೊಡ್ಡವನು. ಗೊತ್ತುಮಾಡಿದವನು ಚಿಕ್ಕತಾಯಮ್ಮನ ಅಣ್ಣ. ಒಂದು ದಿನ ಎಲ್ಲರೂ ನಗುತ್ತಿರುವಾಗ ಚಿಕ್ಕತಾಯಮ್ಮನ ಕೈ ನಿಂತಿತು. ಪಕ್ಕದಲ್ಲಿ ಜಯಂತಿ ತಲೆ ತಗ್ಗಿಸಿ ಸೊಪ್ಪು ಕಟ್ಟುತ್ತಿದ್ದಳು. ಅವಳೊಬ್ಬಳು ನಕ್ಕಿರಲಿಲ್ಲ.

"ಆ ಹುಡ್ಗಿ ಬಾಯ್ಬುಟ್ಟು ಹಾಡ್ತಾವ್ಳೆ. ನನ್ ಮಗೀಗೆ ಹಾಡಕ್ ಬರಕಿಲ್ಲ, ಅದ್ಕೆ ಸುಮ್ಕವ್ಳೆ," ಎಂದಳು ಚಿಕ್ಕತಾಯಮ್ಮ.

ನಾಗರತ್ನಮ್ಮ ಟೇಪ್ ನಿಲ್ಲಿಸಿದರು. "ಏಳು, ನಿಮ್ಮಣ್ಣನ ತಾವ ಹೋಗವಾ. ನಾನೂ ಬತ್ತೀನಿ."

ಅಣ್ಣ ಕೂಗಾಡಿದ. ತಂಗಿಯ ಮನೆ ಮೆಟ್ಟಿಲು ತುಳಿಯುವುದಿಲ್ಲ ಎಂದ. ಬಹಳ ದಿನ ತುಳಿಯಲೂ ಇಲ್ಲ. ಆದರೆ ಮದುವೆ ನಿಂತಿತು. ಜಯಂತಿ ಹುಣಸೂರಿನಲ್ಲಿ ಹೊಲಿಗೆ ಕಲಿಯಲು ಸೇರಿದಳು.

ಆಮೇಲೆ ನನಗೆ ಎಚ್.ಡಿ. ಕೋಟೆಗೆ ವರ್ಗವಾಯಿತು. ಕೆಲವು ವರ್ಷಗಳ ನಂತರ, ನಾಗರತ್ನಮ್ಮ ಮೈಸೂರಿನಲ್ಲಿ ಆಸ್ಪತ್ರೆ ಸೇರಿದ್ದಾರೆಂದು ತಿಳಿದು ನೋಡಲು ಹೋದೆ. ತುಂಬ ಇಳಿದುಹೋಗಿದ್ದರು. ಅವರ ಕ್ಯಾಸೆಟ್ಟಿನದೊಂದು ಪ್ರತಿ ನನ್ನಲ್ಲಿತ್ತು. ವಾಕ್‌ಮನ್‌ಗೆ ಹಾಕಿ ಒಯ್ದಿದ್ದೆ. ಕಿವಿಗಿಟ್ಟ ಕೂಡಲೇ ತೆಗೆದುಬಿಟ್ಟರು.

"ಒಬ್ಳೇ ಏನ್ ಕೇಳದು ಬುಡವ್ವ."

ಪಕ್ಕದ ಮಂಚದಲ್ಲಿ ಗೋಡೆಗೆ ಮುಖಮಾಡಿ ಮಲಗಿದ್ದ ಹೆಂಗಸಿನ ಕಡೆ ತಿರುಗಿದರು. "ಏನವ್ವಾ, ಒಂದು ಮುದ್ಕನ ಕತೆ ಹೇಳ್ಲಾ?" ಆಕೆ ಮೆಲ್ಲಗೆ ಈ ಕಡೆ ಹೊರಳಿದಳು.

ಭೇಟಿಯ ಹೊತ್ತು ಮುಗಿಯಿತೆಂದು ಆಯಾ ಬಂದು ನನ್ನನ್ನು ಎಬ್ಬಿಸಿದಾಗ, ಕತೆಯ ಮುದುಕ ಇನ್ನೂ ಕನ್ನಡಿಯ ಮುಂದೆ ನಿಂತು ಮೀಸೆ ತಿರುವುತ್ತಿದ್ದ. ನಾಗರತ್ನಮ್ಮ ಮಾತು ನಿಲ್ಲಿಸದೆಯೇ ನನ್ನತ್ತ ಕೈ ಬೀಸಿದರು. ಮತ್ತೆ ಅವರನ್ನು ನಾನು ನೋಡಲಿಲ್ಲ.