ವಾಸಣ್ಣನ ಮಣಿಕಟ್ಟು ಮತ್ತು ಎರಡು ಲೀಟರ್ ನೀರು

ಕಳೆದ ಮಂಗಳವಾರ ಒಬ್ಬ ಗಂಡಸಿಗೆ ಎರಡು ಲೀಟರ್ ನೀರು ಕುಡಿಸಿ ಸ್ಕ್ಯಾನಿಂಗ್ ಸೆಂಟರಿಗೆ ಕರೆದುಕೊಂಡು ಹೋದೆ. ಸ್ಕ್ಯಾನ್ ಆಗಬೇಕಿದ್ದದ್ದು ಅವನ ಮಣಿಕಟ್ಟು!

ನಗಬೇಡಿ. ನನ್ನ ಹೆಂಡತಿ ಬಸುರಿಯಾಗಿದ್ದಾಗ ಇದೇ ಅಹಮದಾಬಾದಿನಲ್ಲಿ ನೀರು ಕುಡಿಸಿಯೇ ಕೂರಿಸಿದ್ದರು. ಸ್ಕ್ಯಾನಿಂಗ್ ಅಂದರೆ ನೀರು ಎಂದು ನನ್ನ ತಲೆಯಲ್ಲಿ ಕೂತುಬಿಟ್ಟಿತ್ತು. (ಅಲ್ಪವಿದ್ಯಾ ಮಹಾಗರ್ವಿ ಎಂದು ಸುಮ್ಮನೆ ಹೇಳಿಲ್ಲ ಹಿರಿಯರು.)

ವಾಸಣ್ಣ, ಇದೇ ಊರಿನ ಬೋಡಕ್‌ದೇವ್‌ನಲ್ಲಿ ನಮ್ಮ ಮನೆ ಹತ್ತಿರದ ಉಡುಪಿ ಹೋಟೆಲಿನಲ್ಲಿ ದೋಸೆ ಹೊಯ್ಯುವವನು. ಎಂಟು ತಿಂಗಳಿಂದ ಬಲಗೈ ಜೋಮು ಹಿಡಿಯುತ್ತದೆ, ಸೌಟು ಜಾರುತ್ತದೆ, ಒಂದು ತಿಂಗಳು ರಜೆ ಕೊಡಿ ಅನ್ನುತ್ತಿದ್ದ. ಮಾಲೀಕರು ಅವನ ಸ್ವಂತ ಭಾವ. ಊರಿಗೆ ಹೋಗುವುದಕ್ಕೆ ಎಂಥ ನೆಪ ನೋಡಿ ಎಂದು ನಕ್ಕರು. ಗಿರಾಕಿಗಳು ನಾವೂ ನಕ್ಕೆವು. ದೋಸೆ ಹರಿದು ಬಂದ ದಿನ, ಇವತ್ತೂ ಕೈಗೆ ರಜೆಯಾ ಎಂದು ನಾನೇ ಕಿಚಾಯಿಸಿದ್ದುಂಟು.

ಆ ಮಂಗಳವಾರಕ್ಕೆ ಎರಡು ದಿನ ಮುಂಚೆ ಅವನ ಬೆರಳು ಕಾದ ಕಾವಲಿಗೆ ತಾಗಿತು. ಅವನಿಗೆ ಗೊತ್ತೇ ಆಗಲಿಲ್ಲ! ಗುಳ್ಳೆ ನೋಡಿ ನನಗೇ ಹೆದರಿಕೆಯಾಯಿತು. ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರು, ನರ ಒತ್ತಿಕೊಂಡಿರಬಹುದು, ಅಲ್ಟ್ರಾಸೌಂಡ್ ಮಾಡಿಸಿ ಅಂದರು.

ಸೆಂಟರಿನಲ್ಲಿ ಸಾಲಾಗಿ ಬಸುರಿಯರು. ನಡುವೆ ನಾವಿಬ್ಬರು ಮೀಸೆಯವರು. ಪೇಷಂಟ್ ಬೆನ್ ಎಲ್ಲಿ, ಅಂದರೆ ಪೇಷಂಟ್ ಅಕ್ಕ ಎಲ್ಲಿ ಎಂದು ಕೌಂಟರಿನ ಹುಡುಗಿ ಕೇಳಿದಳು. ವಾಸಣ್ಣ ಗುಳ್ಳೆ ಎದ್ದ ಕೈ ಎತ್ತಿ ತೋರಿಸಿದ. ಅರ್ಧ ಗಂಟೆ ಕಾಲ ಮೇಲೆ ಕಾಲು ಹಾಕಿ, ಹಲ್ಲು ಕಚ್ಚಿ ತಡೆದುಕೊಂಡ. ಒಳಗೆ ಡಾಕ್ಟರಮ್ಮ, ಮಣಿಕಟ್ಟಿಗೆ ನೀರೇಕೆ ಎಂದು ಮೊದಲು ನಕ್ಕರು, ಆಮೇಲೆ ಅವನನ್ನು ಟಾಯ್ಲೆಟ್ಟಿಗೆ ಅಟ್ಟಿದರು.

ಮಣಿಕಟ್ಟಿಗೆ ತಣ್ಣನೆಯ ಜೆಲ್ ಹಚ್ಚಿ, ಮೆಷಿನ್ ಒತ್ತಿ, ಪರದೆಯನ್ನು ನಮ್ಮ ಕಡೆ ತಿರುಗಿಸಿದರು. ನನಗೆ ಕಂಡದ್ದು ಬರೀ ಬೂದುಬಣ್ಣ. ಅವರು ಬೆರಳಿಟ್ಟು ತೋರಿಸಿದರು. ಇಲ್ಲಿ ನರ ಊದಿಕೊಂಡಿದೆ, ಇಲ್ಲಿ ಒತ್ತಿ ಚಪ್ಪಟೆಯಾಗಿದೆ. ಇನ್ನೂ ತಡಮಾಡಿದರೆ ಬೆರಳುಗಳ ಶಕ್ತಿಯೇ ಹೋಗಬಹುದು, ಈಗಲೇ ಕೈಗೆ ವಿಶ್ರಾಂತಿ ಕೊಡಿ ಅಂದರು.

ವಾಸಣ್ಣ ಪರದೆ ಬಿಟ್ಟು ನನ್ನ ಕಡೆ ತಿರುಗಿದ.

"ನಾನು ಹೇಳಿದ್ದು ಸುಳ್ಳಲ್ಲ ಅಂತಾಯ್ತಲ್ಲ ಮಾರಾಯ್ರೆ?"

ನನಗೆ ನಾಚಿಕೆಯಾಯಿತು. ಕೈ ಹೋಗುವ ಭಯಕ್ಕಿಂತ ಇದೇ ಅವನನ್ನು ಕೊರೆಯುತ್ತಿತ್ತೇ?

ಸಂಜೆ ಹೋಟೆಲಿನಲ್ಲಿ ಭಾವ ಸೆಂಟರಿನವರು ಕೊಟ್ಟ ಸ್ಕ್ಯಾನ್ ಫಿಲ್ಮನ್ನು ಟ್ಯೂಬ್‌ಲೈಟಿಗೆ ಹಿಡಿದರು. ಏನೂ ಅರ್ಥವಾಗದೆ ಗಂಭೀರವಾಗಿ ತಲೆದೂಗಿದರು. ಕೇಳಿದ್ದು ಒಂದು ತಿಂಗಳು, ಕೊಟ್ಟದ್ದು ಎರಡು! ಬಂದ ಗಿರಾಕಿಗಳಿಗೆಲ್ಲ ಅದನ್ನು ತೋರಿಸಿ, ಪಾಪ, ಎಷ್ಟು ನೋವು ತಿಂದಿದ್ದಾನೆ ಅಂದರು.

ಎಂಟು ತಿಂಗಳು ಮನುಷ್ಯ ಬಾಯಿಬಿಟ್ಟು ಹೇಳಿದರೂ ಸಾಲದು, ನೋವಿಗೂ ಫೋಟೋ ಬೇಕೇನ್ರೀ ನಮಗೆ?