ಕರಿಬಸಮ್ಮ ಮಾಡಿದ ಬಾಣಂತನ

ಕಳ್ಳಂಬೆಳ್ಳದ ಕರಿಬಸಮ್ಮನ ಬಾಯಿಗೆ ಹೆದರದೆ ಇರುವುದು ಎರಡೇ ಜೀವ. ಒಂದು ಅವರ ಮನೆಯ ಎಮ್ಮೆ, ಇನ್ನೊಂದು ಶಿರಾದಲ್ಲಿ ಗುಜರಿ ಅಂಗಡಿ ಇಟ್ಟಿರುವ ಹಬೀಬ್ ಸಾಬ್. ಹುಣಸೆಮರಗಳನ್ನು ಗುತ್ತಿಗೆ ಹಿಡಿದು, ಮನೆಯಂಗಳದಲ್ಲಿ ಹೆಂಗಸರಿಂದ ಬೀಜ ಬಿಡಿಸಿ ಹಣ್ಣು ಮಾರುವ ವ್ಯಾಪಾರ ಕರಿಬಸಮ್ಮನದು. ಗಂಡ ಹೋಗಿ ಬಹಳ ವರ್ಷವಾಯಿತು. ಕೊರಳಲ್ಲಿ ಲಿಂಗ, ನಾಲಿಗೆಯ ಮೇಲೆ ಬೈಗುಳ, ಎರಡನ್ನೂ ಅವರು ಎಂದೂ ಇಳಿಸಿದ್ದಿಲ್ಲ.

ಇಂಥವರು ನಮ್ಮ ಬಳಗಕ್ಕೆ ಬಂದದ್ದೂ ಜಗಳವಾಡಿಕೊಂಡೇ. ಬರ್ಮಾದಲ್ಲಿ ಮನೆಮಠ ಕಳೆದುಕೊಂಡು ಓಡಿಬಂದ ನಾಲ್ಕಾರು ಸಂಸಾರಗಳು ಶಿರಾದ ಹೊರಗೆ, ಹಬೀಬ್ ಸಾಬರ ಗೋಡೌನಿನ ಹಿಂದೆ ಟಾರ್ಪಾಲು ಕಟ್ಟಿಕೊಂಡಿವೆ. ಗಂಡಸರು ಗುಜರಿ ಆಯುತ್ತಾರೆ. ಮಕ್ಕಳಿಗೆ ಕನ್ನಡ ಕಲಿಸಲು, ಕಾಯಿಲೆಯಾದವರನ್ನು ಆಸ್ಪತ್ರೆಗೆ ಕರೆದೊಯ್ಯಲು ಹಬೀಬ್ ಸಾಬ್, ಅವರ ಹೆಂಡತಿ ಅಮೀರ್ ಬಿ, ಕಾಲೇಜಿನಲ್ಲಿ ಪಾಠ ಹೇಳುವ ನಾನು, ಇನ್ನೂ ಕೆಲವರು ಸೇರಿ ಬಳಗ ಕಟ್ಟಿಕೊಂಡಿದ್ದೆವು. ಹಳೇ ಬಟ್ಟೆ ಕೇಳಲು ಹೋದರೆ ಕರಿಬಸಮ್ಮ ನಮ್ಮನ್ನೇ ತರಾಟೆಗೆ ತೆಗೆದುಕೊಂಡರು. ನಿಮ್ಮ ಮನೆಗೆ ನೆಂಟರು ಬಂದರೆ ಹರಕಲು ಉಡಿಸ್ತೀರಾ ಎಂದು ಕೇಳಿದರು. ಮಾರನೆಯ ದಿನ ಹೊಸ ಕಂಬಳಿಗಳ ಗಂಟಿನ ಸಮೇತ ಆಟೋದಿಂದ ಇಳಿದರು.

ಆ ಸಂಸಾರಗಳಲ್ಲಿ ಒಬ್ಬಳು ಸೆನೋವಾರಾ. ಕಳೆದ ಚಳಿಗಾಲದಲ್ಲಿ ಆಸ್ಪತ್ರೆಯಲ್ಲಿ ಅವಳಿಗೆ ಹೆಣ್ಣುಮಗು ಹುಟ್ಟಿತು. ಹುಟ್ಟಿದ್ದೇನೋ ಸುಸೂತ್ರ, ಆದರೆ ಅವಳು ಮಗುವನ್ನು ಎತ್ತಲಿಲ್ಲ. ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟಳು. ಅಮೀರ್ ಬಿ ಪಕ್ಕದಲ್ಲೇ ಕೂತು ಕೇಳಿದಾಗ ಒಂದೇ ಮಾತು ಬಂತಂತೆ. ಓಡಿಬರುವ ದಾರಿಯಲ್ಲೇ ಹುಟ್ಟಿದ ಮೊದಲ ಗಂಡುಮಗು ಅವಳ ತೊಡೆಯ ಮೇಲೆಯೇ ಜ್ವರದಿಂದ ಹೋಗಿತ್ತು. ಇದನ್ನೂ ತಾನು ಮುಟ್ಟಿದರೆ ಉಳಿಯುವುದಿಲ್ಲ ಎಂದಿದ್ದಳು. ಡಾಕ್ಟರು ಮಾತ್ರೆ ಬರೆದುಕೊಟ್ಟು, ತಾಯಿಯ ಹಾಲಿಲ್ಲದೆ ಕೂಸು ಸೊರಗುತ್ತಿದೆ, ಹೇಗಾದರೂ ಕುಡಿಸಲು ಒಪ್ಪಿಸಿ ಎಂದರು. ಒಳಲೆಯಲ್ಲಿ ಹಾಕಿದ ಹಾಲನ್ನು ಅದು ಕುಡಿದದ್ದಕ್ಕಿಂತ ಕಕ್ಕಿದ್ದೇ ಹೆಚ್ಚು.

ನಾವು ಹಣ್ಣು ತಂದೆವು, ಸಮಾಧಾನ ಹೇಳಿದೆವು. ಕರಿಬಸಮ್ಮ ಒಂದು ಗಳಿಗೆ ನೋಡಿ ಹಬೀಬ್ ಸಾಬರ ಕಡೆ ತಿರುಗಿದರು.

"ತವರಿಲ್ದಿರೋ ಬಾಣಂತಿ ಕಣ್ ಸಾಬ್ರೆ ಇವ್ಳು. ಮಾತ್ರೆ ನುಂಗ್ಲಿ, ಬ್ಯಾಡ ಅನ್ನಕಿಲ್ಲ. ಬಾಣಂತನ ಮಾತ್ರ ನಮ್ಮನೇಲಿ."

ಲಿಂಗವಂತರ ಮನೆ, ಮೊಟ್ಟೆಯೂ ಒಳಗೆ ಬಾರದ ಅಡುಗೆಮನೆ. ಸುದ್ದಿ ಕೇಳಿದ ಮೈದುನ ಚನ್ನಮಲ್ಲಯ್ಯ ಶಲ್ಯ ಕೊಡವಿಕೊಂಡು ಬಂದು, ಕುಲದವರು ಏನಂದಾರು ಅತ್ತಿಗೆ ಎಂದರು. ಬಾಣಂತಿಗೆ ಬೇಕಾದದ್ದು ಬಿಸಿನೀರು, ಕುಲವಲ್ಲ ಎಂದು ಕರಿಬಸಮ್ಮ ಕಾಫಿ ಕೊಟ್ಟು ಕಳಿಸಿದರು. ಆ ಮನುಷ್ಯ ಹೋಗಿ ಹಂಡೆ ಒಲೆಗೆಂದು ಒಂದು ಗಾಡಿ ಸೌದೆ ಕಳಿಸಿದರು! ಅಮೀರ್ ಬಿ ತರುವ ಕೋಳಿ ಸೂಪಿಗೆ ಹಿತ್ತಲಿನ ಬೇವಿನಮರದ ಕೆಳಗೆ ಜಾಗವಾಯಿತು. ಅಡುಗೆಮನೆಯಲ್ಲಿ ಮೆಣಸಿನ ಸಾರು, ಬೆಳ್ಳುಳ್ಳಿ, ಸಬ್ಬಸಿಗೆ ಸೊಪ್ಪು ದಿನವೂ ಬೆಂದವು. ಸೆನೋವಾರಾ ಕೊಟ್ಟದ್ದು ತಿಂದಳು, ಹಾಕಿದ ನೀರಿಗೆ ಮೈಯೊಡ್ಡಿದಳು. ಮಗುವಿನ ಕಡೆ ಮಾತ್ರ ತಿರುಗಲಿಲ್ಲ. ಅದರ ಅಳು ದಿನದಿಂದ ದಿನಕ್ಕೆ ಸಣ್ಣದಾಗುತ್ತಿತ್ತು.

ಒಂದು ಭಾನುವಾರ ಬೆಳಿಗ್ಗೆ ನಾನು ಅಲ್ಲಿದ್ದೆ. ಕರಿಬಸಮ್ಮ ಕಾಲು ನೀಡಿ ಕೂತು ಕೂಸಿಗೆ ಎರೆದು, ಧೂಪ ಹಾಕಿ, ಮೊರದಲ್ಲಿ ಬಟ್ಟೆ ಹಾಸಿ ಮಲಗಿಸಿದ್ದರು. ಆಮೇಲೆ ತಾಯಿಗೂ ಎರೆದು ತಂದು ಮಂಚದ ಮೇಲೆ ಕೂರಿಸಿದರು. ಅಷ್ಟರಲ್ಲಿ ಸೆನೋವಾರಾಳ ಮೊಬೈಲು ಬಡಿದುಕೊಂಡಿತು. ಓಡಿಬರುವಾಗ ಬೇರೆಯಾಗಿ ಬಾಂಗ್ಲಾದೇಶದ ಶಿಬಿರ ಸೇರಿದ ಅವಳ ತಾಯಿಯ ವಿಡಿಯೋ ಕಾಲು. ಹೆರಿಗೆಯಾದಾಗಿನಿಂದ ಅವಳು ಆ ಫೋನು ಎತ್ತಿರಲಿಲ್ಲ.

"ಎತ್ತು ಚೈತ್ರವ್ವ," ಎಂದರು ಕರಿಬಸಮ್ಮ ನನಗೆ. "ಆವಮ್ಮನ ಜೊತೆ ನಾನ್ ಮಾತಾಡ್ತೀನಿ."

ಅವರ ಭಾಷೆ ಅಷ್ಟಿಷ್ಟು ಬರುವ ಹಬೀಬ್ ಸಾಬರಾಗಲಿ ಅಮೀರ್ ಬಿಯಾಗಲಿ ಅಲ್ಲಿರಲಿಲ್ಲ. ನಾನು ಫೋನು ಹಿಡಿದೆ. ಪರದೆಯಲ್ಲಿ ಸುಕ್ಕುಗಟ್ಟಿದ ಮುಖ. ಸೆರಗು ಸೊಂಟಕ್ಕೆ ಸಿಕ್ಕಿಸಿದ ಕರಿಬಸಮ್ಮನನ್ನು ಕಂಡು ಆಕೆ ಬೆಚ್ಚಿದಳು. ಹಿಂದೆ ಕೂತ ಮಗಳ ಒದ್ದೆ ತಲೆ ಕಂಡಿತು ನೋಡಿ, ಆಮೇಲೆ ಆಕೆಯನ್ನು ತಡೆಯುವವರಿಲ್ಲ. ತನ್ನ ತಲೆ ತಟ್ಟಿಕೊಂಡು, ಕಿವಿ ಮುಚ್ಚಿ ತೋರಿಸುತ್ತಾ ಮಗಳನ್ನು ಬೈಯತೊಡಗಿದಳು. ಕರಿಬಸಮ್ಮ ನಾನೂ ಅದನ್ನೇ ಬಡ್ಕಂಡೆ ಕಣಮ್ಮ ಎನ್ನುತ್ತಾ ಬಟ್ಟೆ ತಂದು ಬಾಣಂತಿಯ ತಲೆ ತಿಕ್ಕಿ, ಕಿವಿಗೆ ಹತ್ತಿ ಇಟ್ಟು ಕಟ್ಟಿದರು. ಆಕೆ ಸೊಂಟ ಹಿಡಿದು ಏನೋ ಕೇಳಿದಳು. ಇವರು ಬಾಣಂತಿಯ ಸೊಂಟಕ್ಕೆ ಬಿಗಿದ ಸೀರೆಯನ್ನು ತೋರಿಸಿದರು. ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯದು, ಆದರೂ ಒಂದು ಪ್ರಶ್ನೆಗೂ ಉತ್ತರ ತಪ್ಪಲಿಲ್ಲ. ಇಬ್ಬರು ತಾಯಂದಿರ ಬೈಗುಳದ ನಡುವೆ ಕೂತ ಸೆನೋವಾರಾಳ ಕಣ್ಣಲ್ಲಿ ನೀರು ಬಂತು. ಹೆರಿಗೆಯಾದ ಮೇಲೆ ಅವಳು ಅತ್ತದ್ದು ಅದೇ ಮೊದಲು.

ಆಗ ಆ ತಾಯಿ ಎರಡೂ ಕೈ ಮುಂದೆ ಚಾಚಿದಳು. ಮಗು ಕೇಳುತ್ತಿದ್ದಳು.

ಕರಿಬಸಮ್ಮ ಸೊಂಟದ ಮೇಲೆ ಕೈಯಿಟ್ಟು ನಿಂತುಬಿಟ್ಟರು. "ನನ್ ಕೈ ವದ್ದೆ. ಚೈತ್ರವ್ವನ ಕೈಲಿ ಫೋನೈತೆ. ನಿಮ್ಮವ್ವಂಗೆ ನೀನೇ ಎತ್ತಿ ತೋರ್ಸು."

ಅವರ ಕೈ ಒಣಗಿ ಎಷ್ಟೋ ಹೊತ್ತಾಗಿತ್ತು. ಸೆನೋವಾರಾಗೆ ಅಷ್ಟು ಕನ್ನಡ ತಿಳಿಯುತ್ತಿತ್ತು. ಅವಳು ನನ್ನನ್ನು ನೋಡಿದಳು, ಪರದೆಯಲ್ಲಿ ಚಾಚಿಕೊಂಡೇ ಇದ್ದ ಕೈಗಳನ್ನು ನೋಡಿದಳು. ಬಗ್ಗಿ, ಮೊರದಿಂದ ಮಗುವನ್ನು ಎತ್ತಿಕೊಂಡಳು.

ಎತ್ತಿದ್ದೇ ತಡ, ಕೂಸು ಅವಳ ಎದೆಯ ಮೇಲೆ ಬಾಯಿಂದ ತಡಕಾಡಿತು. ಅವಳು ಸೆರಗು ಸರಿಸಿದಳು. ಮಗು ಬಾಯಿ ಹಚ್ಚಿತು. ಬಿಟ್ಟಿತು, ಅತ್ತಿತು, ಮತ್ತೆ ಹಚ್ಚಿತು. ಕೊನೆಗೆ ಗುಟುಕರಿಸುವ ಸದ್ದು ಕೇಳಿತು. ಅಷ್ಟು ಹೊತ್ತು ಒಂದೇ ಸಮ ಬೈಯುತ್ತಿದ್ದ ಅಜ್ಜಿ ಪರದೆಯ ಮೇಲೆ ಬಾಯಿಗೆ ಸೆರಗು ಒತ್ತಿಕೊಂಡಿದ್ದಳು. ತಾಯಿ ಮಗುವನ್ನು ಅವರ ಪಾಡಿಗೆ ಬಿಡೋಣವೆಂದು ನಾನು ಫೋನು ಇಳಿಸಲು ಹೋದೆ.

"ಇಳಿಸ್ಬ್ಯಾಡ," ಎಂದರು ಕರಿಬಸಮ್ಮ ಮೆತ್ತಗೆ. ಅವರು ಮೆತ್ತಗೆ ಮಾತಾಡಿದ್ದನ್ನು ನಾನು ಕೇಳಿದ್ದು ಆವತ್ತೇ. "ಮೊದಲ್ನೇ ಮೊಮ್ಮಗನ ಮುಖ ಆವಮ್ಮ ಕಾಣ್ಲಿಲ್ಲ. ಇದ್ನಾರ ಕಣ್ತುಂಬ ನೋಡ್ಲಿ."

ನಾನು ಹಿಡಿದೇ ನಿಂತೆ. ತೋಳು ಸೋಲುತ್ತಿತ್ತು. ಮಗು ಕುಡಿಯುತ್ತಲೇ ಇತ್ತು.