ಆಯಿಯ ಐದು ಕೈ

ಬೆರಳಿಗೂ ಪೆನ್ಸಿಲಿಗೂ ಬಲ ಕೊಡುವ ಲಿಂಗಯ್ಯನಿಗೆ ಮೊದಲು ಶರಣು.

ನಾನು ಚಿತ್ರ ಬರೆದುಕೊಡುತ್ತಿದ್ದ ಮಕ್ಕಳ ಪುಸ್ತಕಕ್ಕೆ ರೊಟ್ಟಿ ಬಡಿಯುವ ಅಜ್ಜಿಯ ಚಿತ್ರ ಬೇಕಿತ್ತು. ಎಷ್ಟು ಬರೆದರೂ ಅಜ್ಜಿಯ ಕೈ ಮಾತ್ರ ಕೂಡಿಬರಲೊಲ್ಲದು. ಸಂಜೆಯೊಳಗೆ ಪ್ರಕಾಶಕರಿಗೆ ಕಳಿಸದಿದ್ದರೆ ಕೆಲಸ ಬೇರೆಯವರ ಪಾಲು. ಎಕಂಬಾ ಹಳ್ಳಿಗೆ ಹೋಗಿ, ಎಲ್ಲರೂ ಆಯಿ ಎನ್ನುವ ಪರಿಚಯದ ಅಜ್ಜಿಯ ಒಲೆ ಮುಂದೆ ಕುಳಿತೆ. ಆಕೆ ಬಡಿದಂತೆಲ್ಲ ಒಂದೇ ಚಿತ್ರಕ್ಕೆ ಒಂದರ ಮೇಲೊಂದು ಕೈ ಗೀಚಿದೆ. ಶಿವನ ಕೃಪೆ, ಸರಿಯಾದದ್ದು ಸಿಕ್ಕಿತು.

ಆಯಿ ಬಗ್ಗಿ ನೋಡಿದಳು. “ಯವ್ವಾ, ಐದು ಕೈ! ನನಗ ದೇವಿ ಮಾಡೀಯೇನು?”

“ಇದು ಕಚ್ಚಾ ರೀ ಆಯಿ. ಎರಡು ಇಟ್ಟು ಉಳಿದದ್ದು ಅಳಿಸ್ತೇನ್ರಿ.”

ಆಯಿ ಹಾಳೆ ಕಸಿದುಕೊಂಡಳು. “ಅಳಿಸಬ್ಯಾಡ! ಈ ಮನ್ಯಾಗ ನಾ ಎಷ್ಟು ಕೈಲೆ ದುಡಿತೇನಂತ ಸೊಸಿ ನೋಡ್ಲಿ.”

ಒಳಗೆ ಪಾತ್ರೆ ತೊಳೆಯುತ್ತಿದ್ದ ಸೊಸೆ, “ಹಂಗಿದ್ರ ನಾಳಿಂದ ಭಾಂಡಿನೂ ನೀವೇ ತಿಕ್ರಿ, ಅತ್ತಿ!” ಎಂದಳು.

ಆಯಿ ಹಾಳೆ ಬಿಡಲಿಲ್ಲ. ಕೊನೆಗೆ ಆಕೆಯೇ ಅದನ್ನು ಕಿಟಕಿಯ ಗಾಜಿಗೆ ಒತ್ತಿ ಹಿಡಿದಳು. ನಾನು ಮೇಲೆ ಹೊಸ ಹಾಳೆ ಇಟ್ಟು, ಬೆಳಕಿನಲ್ಲಿ ಕಂಡ ಗೆರೆಗಳಲ್ಲಿ ಎರಡೇ ಕೈ ತಿದ್ದಿಕೊಂಡು, ಬಣ್ಣ ತುಂಬಿ ಕಳಿಸಿದೆ. ಒಪ್ಪಿಗೆಯಾಯಿತು.

ಕಚ್ಚಾ ಚಿತ್ರ ಈಗ ಆಯಿಯ ಅಡುಗೆಮನೆ ಗೋಡೆಯ ಮೇಲಿದೆ. ಅದಕ್ಕೆ ದಿನಾ ವಿಭೂತಿ ಹಚ್ಚುವವಳು ಸೊಸೆಯಂತೆ. ಭಾಂಡಿ ತಿಕ್ಕುವ ಕೆಲಸ ಅತ್ತೆಯ ಪಾಲಾಗಲೆಂಬ ಹರಕೆ ಇದ್ದರೂ ಇರಬಹುದು.

ಇದನ್ನು ಕೇಳಿದ ನಿಮ್ಮೆಲ್ಲರ ಎರಡು ಕೈಗೂ ಆ ಶಿವ ಐದು ಕೈಯ ಬಲ ಕೊಡಲಿ.